ಬರೆದಷ್ಟೇ ಅಲೆ

ಅತ್ತೆಯ ಬಲಗಣ್ಣಿನ ಪೊರೆ ತೆಗೆದ ದಿನ ಡಾಕ್ಟರು ಹೇಳಿದ್ದು ನಾಲ್ಕೇ ಮಾತು: ಬಗ್ಗಬಾರದು, ಧೂಳು ತಾಗಬಾರದು, ಏಳು ದಿನ ಕಪ್ಪು ಕನ್ನಡಕ ತೆಗೆಯಬಾರದು, ಒಂದು ತಿಂಗಳು ನೀರಿಗಿಳಿಯಬಾರದು. ಅತ್ತೆ ನಾಲ್ಕಕ್ಕೂ ಜಾಣ ಮಗುವಿನ ಹಾಗೆ ತಲೆಯಾಡಿಸಿದರು. ಆಮೇಲೆ ಹೊರಡುವಾಗ ಬಾಗಿಲ ಹತ್ತಿರ ನಿಂತು, "ಡಾಕ್ಟ್ರೇ, ಚಾಕ್‌ಪೀಸಿನ ಪುಡಿ ಧೂಳಿನ ಲೆಕ್ಕಕ್ಕೆ ಬರತ್ತಾ?" ಎಂದು ಕೇಳಿದರು. ಬರುತ್ತದೆ ಎಂದರು ಡಾಕ್ಟರು. ಅತ್ತೆಯ ಮುಖ ಅಷ್ಟು ಇಳಿದುಹೋದದ್ದನ್ನು ಸೊಸೆ ತನ್ನ ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ನೋಡಿರಲಿಲ್ಲ.

ಚಾಕ್‌ಪೀಸು ಅಂದರೆ ಏನು ಮಹಾ ಎಂದು ಮೂಗು ಮುರಿಯುವವರು ಮುರಿಯಲಿ. ಆ ಬೀದಿಯಲ್ಲಿ ಅದು ಸಣ್ಣ ಅಧಿಕಾರವಲ್ಲ. ಬೀದಿಯ ಕೊನೆಗೆ ಸಮುದ್ರ. ಎಡಕ್ಕೆ ಒಂದು ಗುಡ್ಡ ನೀರಿನೊಳಗೆ ಚಾಚಿಕೊಂಡಿದೆ, ಅದಕ್ಕೆ ಎಲ್ಲರೂ ಮೂಗು ಅನ್ನುತ್ತಾರೆ. ಆ ಮೂಗಿನ ಮರೆಯಲ್ಲಿ, ನೀರಿನ ಅಡಿಯಲ್ಲಿ, ಒಂದು ಬಂಡೆಸಾಲು. ಹೊರಗೆ ಸಮುದ್ರ ಎಷ್ಟೇ ಕುಣಿದಾಡಲಿ, ಮೂಗಿನ ಮರೆಗೆ ಬರುವಷ್ಟರಲ್ಲಿ ಅಲೆಯ ಸಿಟ್ಟು ಇಳಿದಿರುತ್ತದೆ. ಬಂಡೆಸಾಲಿನ ಮೇಲೆ ಅದು ನಿಧಾನಕ್ಕೆ ಎದ್ದು, ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಚಾಪೆ ಸುತ್ತಿದ ಹಾಗೆ ಸುರುಳಿಯಾಗಿ ಮುರಿಯುತ್ತದೆ. ಬೋರ್ಡಿನ ಮೇಲೆ ನಿಂತು ಅಲೆ ಸವಾರಿ ಮಾಡುವ ಹುಚ್ಚು ಹಿಡಿದವರಿಗೆ ಅದಕ್ಕಿಂತ ಬೇರೆ ಸ್ವರ್ಗ ಬೇಡ. ತೊಂದರೆ ಒಂದೇ. ಮರೆಯ ಜಾಗವಾದ್ದರಿಂದ ಹತ್ತು ದಿನದಲ್ಲಿ ಏಳು ದಿನ ಅಲ್ಲಿ ಏನೂ ಇರುವುದಿಲ್ಲ. ಇರುವ ಮೂರು ದಿನ ಯಾವುವು ಎಂದು ಯಾರಾದರೂ ಮೊದಲೇ ಹೇಳಬೇಕು.

ಹೇಳುತ್ತಿದ್ದವರು ಅತ್ತೆ. ಒಂದು ಕಾಲಕ್ಕೆ ತಾವೂ ಅದೇ ಬಂಡೆಸಾಲಿನ ಮೇಲೆ ಅಲೆ ಹತ್ತಿದವರು, ನಾಲ್ಕು ವರ್ಷದಿಂದ ಮಂಡಿನೋವು ಎಂದು ಬಿಟ್ಟಿದ್ದರು. ಮನೆಯ ಮುಂದಿನ ಕೋಣೆಯೇ ಅಂಗಡಿ. ಮುರಿದ, ಬಿರುಕುಬಿಟ್ಟ ಬೋರ್ಡುಗಳನ್ನು ರಿಪೇರಿ ಮಾಡುವ ಅಂಗಡಿ. ಅದರ ಹೊರಗೋಡೆಗೆ ಬಾಗಿಲಷ್ಟು ದೊಡ್ಡ ಕರಿಹಲಗೆ. ದಿನಾ ಸಂಜೆ ಐದಕ್ಕೆ ಅತ್ತೆ ಬಂದು ನಾಳೆಯ ಸಮುದ್ರವನ್ನು ಅದರ ಮೇಲೆ ಬರೆಯುತ್ತಿದ್ದರು. ಮೂವತ್ತೊಂದು ವರ್ಷ, ಒಂದು ದಿನ ತಪ್ಪಿಲ್ಲ. ಮೀಟರು ಗೀಟರು ಎಲ್ಲ ಅವರಿಗೆ ಆಗಿಬರುತ್ತಿರಲಿಲ್ಲ. ಮೊಣಕಾಲು, ಸೊಂಟ, ತಲೆ. ಅಳತೆ ಇಷ್ಟೇ.

ಆದರೆ ಅತ್ತೆ ಬರೆಯುತ್ತಿದ್ದುದು ಸುಳ್ಳು! ಸೊಂಟದೆತ್ತರದ ಅಲೆ ಬರುವುದಿದ್ದರೆ ಮೊಣಕಾಲು ಎಂದು ಬರೆಯುವುದು, ತಲೆಯೆತ್ತರ ಇದ್ದರೆ ಸೊಂಟ ಎಂದು ಬರೆಯುವುದು. ನಿಜ ಬರೆದರೆ ಹೊರಗಿನವರು ಬಸ್ಸು ತುಂಬಿಕೊಂಡು ಬಂದು ಬಂಡೆಸಾಲನ್ನು ಸಂತೆ ಮಾಡುತ್ತಾರೆ ಎಂಬ ಭಯ. ತಾನು ಒಬ್ಬಳೇ ಉಪಾಯ ಮಾಡಿ ಊರಿನ ಅಲೆ ಕಾಪಾಡುತ್ತಿದ್ದೇನೆ ಎಂದು ಅತ್ತೆಗೆ ಒಳಗೊಳಗೇ ಹೆಮ್ಮೆ. ಪಾಪ, ಬೀದಿಯಲ್ಲಿ ಈ ಗುಟ್ಟು ಗೊತ್ತಿಲ್ಲದವರು ಯಾರೂ ಇರಲಿಲ್ಲ. ಎಲ್ಲರೂ ಹಲಗೆ ಓದುತ್ತಿದ್ದರು, ಮನಸ್ಸಿನಲ್ಲೇ ಒಂದು ಮೆಟ್ಟಿಲು ಏರಿಸಿಕೊಳ್ಳುತ್ತಿದ್ದರು, ಸರಿಯಾದ ಬೋರ್ಡು ಹಿಡಿದುಕೊಂಡು ಬರುತ್ತಿದ್ದರು. ಎಲ್ಲರಿಗೂ ಗೊತ್ತು ಎಂಬುದು ಗೊತ್ತಿಲ್ಲದವರು ಅತ್ತೆ ಒಬ್ಬರೇ.

ಆಸ್ಪತ್ರೆಯಿಂದ ಬಂದ ಸಂಜೆ ಅತ್ತೆಯ ತಂಗಿಯ ಮಗ ಹಾಜರಾದ. ಫೋನ್ ಅಂಗಡಿಯಲ್ಲಿ ಕೆಲಸ. ಯಾವ ಮಾತೆತ್ತಿದರೂ "ಉಪಗ್ರಹ ಏನು ಹೇಳತ್ತೆ ಗೊತ್ತಾ" ಎಂದು ಶುರುಮಾಡುವುದರಿಂದ ಬೀದಿಯವರು ಅವನಿಗೆ ಉಪಗ್ರಹ ಎಂದೇ ಹೆಸರಿಟ್ಟಿದ್ದರು. ಒಳ್ಳೆಯ ಹುಡುಗ, ಬಾಯಿ ಮಾತ್ರ ಸ್ವಲ್ಪ ದೊಡ್ಡದು.

"ದೊಡ್ಡಮ್ಮ, ಈ ಹಲಗೆ ನನಗೆ ಕೊಟ್ಬಿಡಿ. ದಿನಾ ಫೋನ್ ನೋಡಿ ಎರಡು ನಿಮಿಷದಲ್ಲಿ ಬರೆದುಹಾಕ್ತೀನಿ" ಎಂದ.

ಮೂಲೆಯಲ್ಲಿ ಸ್ಯಾಂಡ್‌ಪೇಪರು ಹಿಡಿದು ಒಂದು ಬೋರ್ಡಿನ ಮೈ ಉಜ್ಜುತ್ತಿದ್ದ ಸೊಸೆ ಕೈ ನಿಲ್ಲಿಸಿದಳು. "ನಾನು ಬರೀತೀನಿ ಅತ್ತೆ" ಎಂದಳು. ಅಷ್ಟು ಜೋರಾಗಿ ಬರುತ್ತದೆಂದು ಅವಳಿಗೂ ಗೊತ್ತಿರಲಿಲ್ಲ.

ಅತ್ತೆ ಕಪ್ಪು ಕನ್ನಡಕದ ಮುಖವನ್ನು ಇವಳ ಕಡೆ ತಿರುಗಿಸಿದರು. ಆಮೇಲೆ ಅವನ ಕಡೆ. ಸೊಸೆಯ ಗಂಡ, ಬಸ್ ಡ್ರೈವರು, ಮನೆಯೊಳಗಿನ ಯಾವ ತಿರುವಿನಲ್ಲೂ ಹಾರ್ನ್ ಮಾಡದ ಮನುಷ್ಯ, ಎರಡೂ ಕಡೆಗೆ ಹೂಂ ಎಂದು ತಲೆಯಾಡಿಸಿ ಒಳಗೆ ಹೋದ.

"ನೋಡಿ, ಇನ್ನೊಂದು ಕಣ್ಣೂ ಸರದಿಯಲ್ಲಿ ನಿಂತಿದೆ. ನನ್ನ ಕಾಲ ಮುಗೀತಾ ಬಂತು" ಎಂದರು ಅತ್ತೆ. "ಏಳು ದಿನ ಇವಳು ಬರೀಲಿ. ಅಷ್ಟರಲ್ಲಿ ಒಬ್ಬನೇ ಒಬ್ಬ ನನ್ನ ಬಾಗಿಲಿಗೆ ಬಂದು ಬೈದ ಅಂದ್ರೂ ಚಾಕ್‌ಪೀಸು ನಿನ್ನದು ಕಣೋ. ಯಾರೂ ಬೈಲಿಲ್ಲ ಅಂದ್ರೆ ಇನ್ಮೇಲೆ ಇವಳದ್ದೇ."

ಸೊಸೆಗೆ ಇದು ಯಾಕೆ ಅಷ್ಟು ಬೇಕಿತ್ತು ಎಂದರೆ, ಹೇಳಿಯೇಬಿಡೋಣ. ಇಪ್ಪತ್ತೆರಡು ವರ್ಷ ಅವಳು ಬೇರೆಯವರು ಮುರಿದದ್ದನ್ನು ಕೂಡಿಸುತ್ತಾ ಕೂತಿದ್ದಳು. ಎಲ್ಲರೂ ಅವಳನ್ನು ಕೇಳುತ್ತಿದ್ದುದು ಒಂದೇ ಪ್ರಶ್ನೆ: "ಯಾವತ್ತು ರೆಡಿಯಾಗತ್ತೆ?" ನಾಳೆ ಸಮುದ್ರ ಹೇಗಿರತ್ತೆ ಎಂದು ಒಂದು ನರಪಿಳ್ಳೆಯೂ ಕೇಳಿರಲಿಲ್ಲ. ಅವಳಿಗೆ ಗೊತ್ತಿತ್ತು. ಒಮ್ಮೆಯಾದರೂ ಕೇಳಲಿ ಎಂದು ಆಸೆ.

ಗೊತ್ತಿದ್ದುದು ಹೇಗೆಂದರೆ ಗಾಯಗಳಿಂದ. ರಿಪೇರಿಗೆ ಬಂದ ಪ್ರತಿ ಬೋರ್ಡಿನ ಬಗ್ಗೆ ಅವಳು ಒಂದು ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಳ್ಳುತ್ತಿದ್ದಳು: ಯಾವ ದಿನ, ಯಾವ ಹೊತ್ತು, ನೀರು ಏರಿತ್ತೋ ಇಳಿದಿತ್ತೋ, ಗಾಯ ಎಲ್ಲಿ. ಮೂತಿ ಒಡೆದಿದ್ದರೆ ನೀರು ಇಳಿದಾಗ ಅಲೆ ಕಡಿದಾಗಿ ಎದ್ದಿದೆ. ಅಡಿಯಲ್ಲಿ ಮೀನಿನದರಂತೆ ಅಂಟಿಸಿದ ರೆಕ್ಕೆ ಕಿತ್ತುಬಂದಿದ್ದರೆ ಸವಾರ ಬಂಡೆಸಾಲಿನ ಬಲತುದಿಗೆ ಹೋಗಿದ್ದಾನೆ, ಅಲ್ಲಿ ನೀರು ಅಂಗೈಯಷ್ಟೇ ಆಳ. ನಡು ಮುರಿದಿದ್ದರೆ ಅಲೆ ತಲೆಗಿಂತ ಮೇಲಿತ್ತು. ಅತ್ತೆ ಅಲೆ ಹತ್ತಿ, ಕಿಟಕಿಯಿಂದ ನೋಡಿ ಕಲಿತದ್ದನ್ನು ಸೊಸೆ ಮೇಜಿನ ಮೇಲೆ ಕೈಯಾಡಿಸಿ ಕಲಿತಿದ್ದಳು.

ಮೊದಲ ನಾಲ್ಕು ಸಂಜೆ ಸಲೀಸು. ಸಮುದ್ರ ತಟ್ಟೆಯಲ್ಲಿಟ್ಟ ನೀರಿನ ಹಾಗಿತ್ತು. "ನಾಳೆ ಏನೂ ಇಲ್ಲ" ಎಂದು ದುಂಡಗೆ ಬರೆದಳು. ಏನೂ ಇರಲಿಲ್ಲ. ಬೈಯಲು ಯಾರಿಗೆ ಏನು ಸಿಗಬೇಕು?

ಐದನೇ ಸಂಜೆ ಅವಳು ಬೀದಿಯ ಕೊನೆಯ ತಡೆಗೋಡೆಯ ಹತ್ತಿರ ಹೋಗಿ ನಿಂತಳು. ಮೂಗಿನಾಚೆ ಅಲೆಗಳು ಚಿಕ್ಕವೇ. ಆದರೆ ಒಂದು ಅಲೆಗೂ ಮುಂದಿನದಕ್ಕೂ ನಡುವೆ ಎಣಿಸುತ್ತಾ ಹೋದರೆ ಹದಿನಾರರವರೆಗೆ ಬಂತು. ಮತ್ತೆ ಎಣಿಸಿದಳು. ಹದಿನಾರು. ಹತ್ತಿರದ ಗಾಳಿಗೆ ಎದ್ದ ಅಲೆ ಆರೇಳು ಎಣಿಸುವಷ್ಟರಲ್ಲೇ ಧಾವಿಸಿ ಬಂದು ಮೂಗಿಗೆ ಗುದ್ದಿಕೊಂಡು ಮುಗಿದುಹೋಗುತ್ತದೆ. ಬಹು ದೂರದಿಂದ ಬಂದ ಅಲೆಗೆ ಆತುರವಿಲ್ಲ. ಅದು ಮೂಗನ್ನು ಬಳಸಿಕೊಂಡು ಮರೆಗೂ ಬರುತ್ತದೆ. ನೋಟ್‌ಬುಕ್ಕಿನಲ್ಲಿ ಅಂಥ ದಿನಗಳು ಹನ್ನೊಂದು ಇದ್ದವು. ಸಮುದ್ರ ಸುಮ್ಮನಿದೆ ಎಂದು ಎಲ್ಲರೂ ಅಂದುಕೊಂಡಿದ್ದಾಗ ಬೋರ್ಡುಗಳು ಒಡೆದುಕೊಂಡು ಬಂದಿದ್ದ ದಿನಗಳು.

"ಅತ್ತಿಗೆ, ಸೊನ್ನೆ ಬರೀರಿ. ದಿಕ್ಕೇ ಸರಿಯಿಲ್ಲ, ಮೂಗು ತಡೆದುಬಿಡತ್ತೆ. ಉಪಗ್ರಹ ಹೇಳ್ತಿದೆ" ಎಂದ ಉಪಗ್ರಹ, ಫೋನನ್ನು ಅವಳ ಕಣ್ಣಿಗೆ ಹಿಡಿದು.

"ನಿನ್ನ ಉಪಗ್ರಹ ಯಾವತ್ತಾದ್ರೂ ಒಂದು ರೆಕ್ಕೆ ಅಂಟಿಸಿದ್ಯಾ?" ಎಂದು ಸೊಸೆ ಚಾಕ್‌ಪೀಸು ಎತ್ತಿಕೊಂಡಳು.

ಬರೆಯುವಾಗ ಅವಳ ಮನಸ್ಸಿನಲ್ಲಿದ್ದವಳು ಎದುರುಮನೆಯ ದರ್ಜಿ ಅಕ್ಕ. ಐವತ್ತು ದಾಟಿದ ಹೆಂಗಸು, ಎರಡು ವರ್ಷದಿಂದ ಮರಳದಂಡೆಯ ಸಣ್ಣ ಅಲೆಯಲ್ಲಿ ಬಿದ್ದು ಎದ್ದು ಕಲಿಯುತ್ತಿದ್ದಳು. "ಬಂಡೆಸಾಲಿನ ಮೇಲೆ ಒಂದೇ ಒಂದು ಅಲೆ ಹತ್ಬೇಕು ಕಣೇ. ಸೊಂಟದಷ್ಟು ಇದ್ರೆ ಸಾಕು. ಅದಕ್ಕಿಂತ ಮೇಲಾದ್ರೆ ನನ್ನ ಪ್ರಾಣ ಬಾಯಿಗೆ ಬರತ್ತೆ" ಎಂದು ಬಟ್ಟೆ ಕತ್ತರಿಸುತ್ತಲೇ ಹತ್ತು ಸಲ ಹೇಳಿದ್ದಳು. ಅವಳಿಗಾಗಿಯೇ ಬಂದ ದಿನ ಇದು. ಅತ್ತೆಯ ಹಾಗೆ ಇಳಿಸಿ ಬರೆಯಲು ಸೊಸೆಗೆ ಕೈ ಬರಲಿಲ್ಲ. ಬರೆದದ್ದು ಹೀಗೆ: "ನಾಳೆ ಸೊಂಟದೆತ್ತರ. ಎಂಟರಿಂದ ಹನ್ನೊಂದು. ಗಾಳಿ ಇಲ್ಲ." ಅಕ್ಷರ ತನ್ನದು, ದುಂಡಗಿದೆ, ಅತ್ತೆಯದು ಓರೆ. ಬರೆದವಳು ಬೇರೆ ಎಂದು ಎಂಥವನಿಗೂ ಗೊತ್ತಾಗುತ್ತದೆ, ಲೆಕ್ಕ ಬದಲಾಗಿದೆ ಎಂದೂ ತಿಳಿಯುತ್ತದೆ ಎಂದುಕೊಂಡಳು.

ತಪ್ಪಿದ್ದು ಅಲ್ಲೇ. ಜನ ಏರಿಸಿ ಓದುತ್ತಿದ್ದುದು ಅತ್ತೆಯನ್ನು ಎಂದು ಅವಳು ತಿಳಿದಿದ್ದಳು. ಜನ ಏರಿಸಿ ಓದುತ್ತಿದ್ದುದು ಹಲಗೆಯನ್ನು. ಮೂವತ್ತೊಂದು ವರ್ಷದ ಅಭ್ಯಾಸ ಅಕ್ಷರದ ಆಕಾರ ನೋಡುತ್ತದೆಯೇ?

ಮರುದಿನ ಬೆಳಿಗ್ಗೆ ಅಂಗಡಿಯ ಮುಂದೆ ಹಾದುಹೋದವರನ್ನು ನೋಡಿ ಸೊಸೆಗೆ ಆಶ್ಚರ್ಯವಾಯಿತು. ದೊಡ್ಡ ಮೀಸೆಯ ಎಲೆಕ್ಟ್ರಿಷಿಯನ್ನು, ಬೇಕರಿಯವನು, ಅವರ ಹಿಂದೆ ಇನ್ನೂ ಮೂವರು, ಎಲ್ಲರೂ ದೊಡ್ಡ ಅಲೆಯ ಸವಾರರು. ಕೈಯಲ್ಲಿ ದೊಡ್ಡ ಅಲೆಗೆಂದೇ ಮಾಡಿದ ಸಪೂರ ಬೋರ್ಡುಗಳು. ದರ್ಜಿ ಅಕ್ಕನ ಬಾಗಿಲು ಮಾತ್ರ ಹಾಕಿಯೇ ಇತ್ತು. ಮೊದಲೇ ಹೋಗಿರಬೇಕು ಎಂದುಕೊಂಡು ಸೊಸೆ ಅಂಗಡಿಯ ಬಾಗಿಲು ಎಳೆದುಕೊಂಡು ತಡೆಗೋಡೆಗೆ ಓಡಿದಳು.

ಸಮುದ್ರ ಅವಳ ಮಾತನ್ನು ಅಕ್ಷರ ಬಿಡದೆ ನಡೆಸಿಕೊಟ್ಟಿತ್ತು. ಕನ್ನಡಿಯಂಥ ನೀರು, ಸರಿಯಾಗಿ ಸೊಂಟದಷ್ಟು ಎತ್ತರದ ಅಲೆ, ಒಂದಾದಮೇಲೊಂದು, ಅವಸರವಿಲ್ಲದೆ. ಅದರ ನಡುವೆ ಐದು ಜನ ಗಂಡಾಳುಗಳು ಸಪೂರ ಬೋರ್ಡಿನ ಮೇಲೆ ಎದೆಯವರೆಗೆ ಮುಳುಗಿ ಕೂತಿದ್ದರು. ಅಲೆ ಬರುತ್ತಿತ್ತು, ಇವರು ಕೈ ಬಡಿಯುತ್ತಿದ್ದರು, ಅಲೆ ಅಡಿಯಿಂದ ನುಣುಚಿಕೊಂಡು ಮುಂದೆ ಹೋಗುತ್ತಿತ್ತು, ಇವರು ಅಲ್ಲೇ. ಎಲೆಕ್ಟ್ರಿಷಿಯನ್ನಿನ ಮೀಸೆ ನೀರಿಳಿಸುತ್ತಾ ಕೆಳಗೆ ಜೋತಿತ್ತು. ದರ್ಜಿ ಅಕ್ಕ ಎಲ್ಲೂ ಇರಲಿಲ್ಲ. ಸೊಸೆಗೆ ಆಗ ಅರ್ಥವಾಯಿತು.

ಹನ್ನೊಂದಕ್ಕೆ ಬಾಗಿಲ ಮುಂದೆ ಜಾತ್ರೆ.

"ಏನಮ್ಮಾ ಇದು! ಸೊಂಟ ಅಂತ ಬರೆದು ನಮ್ಮನ್ನ ಮಂಗ ಮಾಡಿದ್ಯಾ?" ಎಂದು ಎಲೆಕ್ಟ್ರಿಷಿಯನ್ನು ಕೂಗಿದ. "ಎರಡು ಮನೆ ಕೆಲಸ ಬಿಟ್ಟು ಬಂದೆ ನಾನು!"

"ನನ್ನ ಬ್ರೆಡ್ಡು ಸೀದುಹೋಯ್ತು" ಎಂದ ಬೇಕರಿಯವನು.

ಅಷ್ಟರಲ್ಲಿ ಎದುರುಮನೆ ಬಾಗಿಲು ದಢಾರನೆ ತೆರೆದುಕೊಂಡು ದರ್ಜಿ ಅಕ್ಕ ಬಂದಳು. ಕೊರಳಲ್ಲಿ ಅಳತೆ ಪಟ್ಟಿ, ಕಣ್ಣಲ್ಲಿ ನೀರು. "ಇವರದ್ದು ಬಿಡು, ನನಗೆ ಹೇಳು! ಹಲಗೆ ನೋಡಿ ತಲೆಯೆತ್ತರ ಇರತ್ತೆ ಅಂತ ಹೆದರಿ ಕಾಲರು ಹೊಲೀತಾ ಕೂತೆ. ಮಹಡಿಗೆ ಬಟ್ಟೆ ಹಾಕೋಕೆ ಹೋಗಿ ನೋಡ್ತೀನಿ, ನನ್ನ ಅಲೆ! ಎರಡು ವರ್ಷದಿಂದ ಕಾಯ್ತಿದ್ದ ನನ್ನ ಅಲೆ! ನನಗಾದ್ರೂ ಒಂದು ಮಾತು ಹೇಳ್ಬಾರ್ದಿತ್ತೇನೇ?"

ಬೇರೆ ಯಾರ ಬೈಗುಳವೂ ಸೊಸೆಗೆ ತಾಗಿರಲಿಲ್ಲ, ಇದು ತಾಗಿತು.

ಒಳಗಿನಿಂದ ಅತ್ತೆ ಗೋಡೆ ಹಿಡಿದುಕೊಂಡು ಬಂದರು. ಕಪ್ಪು ಕನ್ನಡಕ ಹಾಕಿಕೊಂಡು ಬಾಗಿಲಲ್ಲಿ ನಿಂತರೆ ಪೊಲೀಸು ದೊಡ್ಡ ಸಾಹೇಬರ ಹಾಗೆ ಕಾಣುತ್ತಿದ್ದರು.

"ಇವಳು ಎಷ್ಟು ಅಂತ ಬರೆದಿದ್ಳು?"

"ಸೊಂಟ" ಎಂದ ಎಲೆಕ್ಟ್ರಿಷಿಯನ್ನು.

"ಬಂದಿದ್ದು?"

"ಸೊಂಟ."

"ಮತ್ತೆ ಬಾಯಿ ಬಡ್ಕೊಳ್ಳೋದು ಯಾತಕ್ಕೆ?"

ಎಲೆಕ್ಟ್ರಿಷಿಯನ್ನು ತಡೆಯಲಾರದೆ ಹೇಳಿಯೇಬಿಟ್ಟ. "ಅಲ್ಲಮ್ಮಾ, ಈ ಹಲಗೆ ಮೇಲೆ ಸೊಂಟ ಅಂದ್ರೆ ತಲೆ ಅಂತ ತಾನೇ! ಮೊಣಕಾಲು ಅಂದ್ರೆ ಸೊಂಟ. ನೀವು ಯಾವತ್ತು ನಿಜ ಬರೆದಿದ್ರಿ? ನಾವು ಹುಟ್ಟಿದಾಗಿಂದ ಒಂದು ಮೆಟ್ಟಿಲು ಏರಿಸೇ ಓದ್ತೀವಿ!"

ಹೇಳಿದ ಮೇಲೆ ಅವನಿಗೇ ಗೊತ್ತಾಯಿತು ಏನು ಹೇಳಿದೆ ಎಂದು. ಬೇಕರಿಯವನು ಅವನ ಕಾಲು ತುಳಿದ. ದರ್ಜಿ ಅಕ್ಕ ಅಳು ನಿಲ್ಲಿಸಿ ನಾಲಿಗೆ ಕಚ್ಚಿಕೊಂಡಳು. ಬೀದಿ ಪೂರ್ತಿ ಅತ್ತೆಯ ಮುಖ ನೋಡಿತು. ಅತ್ತೆ ಮತ್ತೆ ಗೋಡೆ ಹಿಡಿದುಕೊಂಡು ಒಳಗೆ ಹೋದರು.

ಸೊಸೆ ಹಿಂದೆಯೇ ಹೋಗಿ ಟೀ ಕಾಯಿಸಿದಳು. ಅಡುಗೆಮನೆಯ ಸ್ಟೂಲಿನ ಮೇಲೆ ಅತ್ತೆ ಕೈಕಟ್ಟಿ ಕೂತಿದ್ದರು. ಲೋಟ ಮುಂದಿಟ್ಟರೂ ಮುಟ್ಟಲಿಲ್ಲ.

"ಎಲ್ಲರಿಗೂ ಗೊತ್ತಿತ್ತಾ?"

"ಎಲ್ಲರಿಗೂ, ಅತ್ತೆ."

"ನಿನಗೆ?"

"ಮದುವೆಯಾದ ಎರಡನೇ ತಿಂಗಳಿಗೇ."

"ನಿನ್ನ ಗಂಡನಿಗೆ?"

"ಅವರೇ ನನಗೆ ಹೇಳಿದ್ದು."

"ಕಳ್ಳ!" ಎಂದರು ಅತ್ತೆ. "ಮೂವತ್ತೊಂದು ವರ್ಷ ನಾನು ದೊಡ್ಡ ಜಾಣೆ ಅಂತ ತಿರುಗ್ತಿದ್ದೆ. ಒಬ್ಬರಾದ್ರೂ ಹೇಳ್ಬಾರ್ದಾ?"

"ಹೇಳಿದ್ರೆ ನಿಮಗೆ ಬೇಜಾರಾಗತ್ತೆ ಅಂತ ಯಾರೂ ಹೇಳಲಿಲ್ಲ. ನಿಮ್ಮ ಮೇಲೆ ಪ್ರೀತಿ, ಅತ್ತೆ."

"ಪ್ರೀತಿ ಅಂತೆ ಪ್ರೀತಿ" ಎಂದು ಅತ್ತೆ ಮುಖ ತಿರುಗಿಸಿದರು. ಆದರೆ ಟೀ ಕುಡಿದರು. ಲೋಟ ಕೆಳಗಿಡುವಾಗ, "ಮಾತು ಅಂದ್ರೆ ಮಾತು. ಬಾಗಿಲಿಗೆ ಬಂದು ಬೈದಾಯ್ತು. ನಾಳೆ ಸಂಜೆ ಅವನು ಬರ್ತಾನೆ, ಚಾಕ್‌ಪೀಸು ಕೊಟ್ಬಿಡು. ಇವತ್ತೊಂದು ದಿನ ನೀನೇ ಬರಿ" ಎಂದರು.

ಸೊಸೆ ಹೂಂ ಎಂದಳು. ಆರು ಸಂಜೆಗೆ ಮುಗಿದುಹೋಯಿತಲ್ಲ ಎಂದು ಅಂಗಡಿಗೆ ಬಂದು ಒಂದು ಬೋರ್ಡನ್ನು ಸುಮ್ಮನೆ ಉಜ್ಜಿದ್ದೇ ಉಜ್ಜಿದಳು.

ಐದಕ್ಕೆ ತಡೆಗೋಡೆಯ ಹತ್ತಿರ ಹೋದಾಗ ಆ ಬೇಜಾರು ಮರೆತುಹೋಯಿತು. ಅಲೆಗಳ ನಡುವೆ ಈಗಲೂ ಹದಿನಾರು, ಆದರೆ ಎತ್ತರ ಬೆಳೆದಿತ್ತು. ಮೂಗಿನ ತುದಿಯಲ್ಲಿ ನೊರೆ ಗುಡ್ಡಕ್ಕೆ ಹತ್ತುತ್ತಿತ್ತು. ನಾಳೆ ಏಳಕ್ಕೆ ನೀರು ಇಳಿದು ಬಲತುದಿಯ ಬಂಡೆ ಹೊರಗೆ ಇಣುಕುತ್ತದೆ, ಅದೇ ಹೊತ್ತಿಗೆ ತಲೆಗಿಂತ ಎತ್ತರದ ಅಲೆ. ಮಧ್ಯಾಹ್ನದ ಕಡೆಗೆ ನೀರು ತುಂಬಿದರೆ ಇದೇ ಅಲೆ ಮೆತ್ತಗಾಗುತ್ತದೆ. ಅದು ದರ್ಜಿ ಅಕ್ಕನಿಗೆ ಸರಿ. ಆದರೆ ಬರೆಯುವುದು ಹೇಗೆ? ಬೆಳಿಗ್ಗೆಯ ಘಟನೆಯಾದ ಮೇಲೆ ಅರ್ಧ ಜನ ಏರಿಸಿ ಓದುತ್ತಾರೆ, ಅರ್ಧ ಜನ ಇದ್ದಹಾಗೇ ಓದುತ್ತಾರೆ. ದರ್ಜಿ ಅಕ್ಕ ತಪ್ಪಾಗಿ ಓದಿ ಏಳಕ್ಕೇ ನೀರಿಗಿಳಿದರೆ? ಇದು ಚಾಕ್‌ಪೀಸಿನ ಮಾತಲ್ಲ, ಕೈಕಾಲಿನ ಮಾತು.

ಹಲಗೆಯ ಮುಂದೆ ಅವಳು ಬಹಳ ಹೊತ್ತು ನಿಂತಳು. ಮೊಣಕಾಲು, ಸೊಂಟ, ತಲೆ ಎಲ್ಲ ಅತ್ತೆಯ ಮಾತು. ಆ ಮಾತು ಹಿಡಿದರೆ ಜನ ಅತ್ತೆಯ ಲೆಕ್ಕವೇ ಹಾಕುತ್ತಾರೆ. ತನಗೆ ಬರುವ ಮಾತು ಯಾವುದು? ತನಗೆ ಬರುವುದು ಮುರಿದ ಬೋರ್ಡಿನ ಮಾತು. ಹಾಗಾದರೆ ಅದನ್ನೇ ಬರೆಯೋಣ ಎಂದು ಹಲಗೆಯನ್ನು ಒದ್ದೆ ಬಟ್ಟೆಯಲ್ಲಿ ಪೂರ್ತಿ ಒರೆಸಿ ಹೀಗೆ ಬರೆದಳು:

"ನಾಳೆ ಏಳರಿಂದ ಒಂಬತ್ತು: ಬೋರ್ಡಿನ ಮೂತಿ ಒಡೆಯುವ ಹೊತ್ತು. ಅಲೆ ದೊಡ್ಡದು, ನೀರು ಕಮ್ಮಿ. ಮೀಸೆ ಇದ್ದವರು ಸಪೂರ ಬೋರ್ಡು ತಂದು ಆಡಬಹುದು. ಬಲತುದಿಗೆ ಹೋದವರ ಅಡಿರೆಕ್ಕೆ ಮಧ್ಯಾಹ್ನ ನನ್ನ ಮೇಜಿನ ಮೇಲಿರುತ್ತದೆ.

ಹತ್ತೂವರೆಯಿಂದ ಒಂದು: ನೀರು ತುಂಬಿರುತ್ತದೆ, ಅಲೆ ಮೆತ್ತಗೆ. ಯಾವ ಬೋರ್ಡೂ ಒಡೆಯುವುದಿಲ್ಲ. ಎದುರುಮನೆ ಅಕ್ಕ ಬರಲೇಬೇಕು.

ಒಂದರ ಮೇಲೆ: ಸಮುದ್ರದ ಕಡೆಯಿಂದ ಗಾಳಿ. ಎಲ್ಲರೂ ಮನೆಗೆ ಹೋಗಿ ಊಟ ಮಾಡಿ."

ಏರಿಸುವುದಕ್ಕೂ ಇಳಿಸುವುದಕ್ಕೂ ಅದರಲ್ಲಿ ಏನೂ ಇರಲಿಲ್ಲ. ಓದಿದವರು ಹಲ್ಲುಬಿಟ್ಟರು, ತಲೆ ಕೆರೆದುಕೊಂಡರು, ಆದರೆ ಎಲ್ಲರಿಗೂ ತಮ್ಮ ತಮ್ಮ ಹೊತ್ತು ಯಾವುದು ಎಂದು ತಿಳಿಯಿತು. ದರ್ಜಿ ಅಕ್ಕ ಬೀದಿಯ ಆಚೆಯಿಂದಲೇ, "ಖಂಡಿತಾ ಅಲ್ವೇನೇ?" ಎಂದು ಕೂಗಿದಳು.

"ಖಂಡಿತಾ ಅಕ್ಕ. ಹತ್ತೂವರೆಗಿಂತ ಒಂದು ನಿಮಿಷ ಮೊದಲು ಇಳಿದ್ರೆ ನಿನ್ನ ಕಾಲು ಮುರೀತೀನಿ!"

ಮರುದಿನ ಎಲೆಕ್ಟ್ರಿಷಿಯನ್ನು ಏಳಕ್ಕೆ ಹೋಗಿ, ಒಂಬತ್ತಕ್ಕೆ ಬಂದು, ಅಂಗಡಿಯ ಮುಂದೆ ನಿಂತು ಮೀಸೆ ಹುರಿಮಾಡಿದ. ಮುಖದ ತುಂಬ ನಗು. ಹಿಂದೆ ಬೇಕರಿಯವನು ತಲೆ ತಗ್ಗಿಸಿಕೊಂಡು ಬಂದು ಬೋರ್ಡನ್ನು ಮೇಜಿನ ಮೇಲಿಟ್ಟ. ಅಡಿಯ ರೆಕ್ಕೆ ಬುಡಸಮೇತ ಮಾಯ.

"ಬಲತುದಿ?" ಎಂದಳು ಸೊಸೆ.

"ಬಲತುದಿ" ಎಂದ ಅವನು. "ಬೈಯೋಕೆ ಬಂದಿಲ್ಲಮ್ಮಾ, ರಿಪೇರಿಗೆ ಬಂದಿದೀನಿ. ನೀನು ಮೊದಲೇ ಬರೆದಿದ್ಯಲ್ಲ."

ಹತ್ತು ಗಂಟೆಗೆ ಸೊಸೆ ಅಂಗಡಿಗೆ ಬೀಗ ಹಾಕಿದಳು. ಅತ್ತೆ ತಾವೂ ಬರುತ್ತೇನೆಂದು ಹಟ ಹಿಡಿದು ಅವಳ ತೋಳು ಹಿಡಿದುಕೊಂಡು ತಡೆಗೋಡೆಯವರೆಗೆ ಬಂದರು. ನೀರು ತುಂಬುತ್ತಿತ್ತು. ಅಲೆ ಬಂಡೆಸಾಲಿನ ಮೇಲೆ ಸೋಮಾರಿಯಂತೆ ಎದ್ದು ಮೆಲ್ಲಗೆ ಮಗುಚಿಕೊಳ್ಳುತ್ತಿತ್ತು. ದರ್ಜಿ ಅಕ್ಕ ತನ್ನ ಅಗಲದ ಹಳದಿ ಬೋರ್ಡಿನ ಮೇಲೆ ಹೊಟ್ಟೆಯೂರಿ ಮಲಗಿ ಕಾಯುತ್ತಿದ್ದಳು. ಮೊದಲ ಅಲೆ ಬಿಟ್ಟಳು. ಎರಡನೆಯದಕ್ಕೆ ಎದ್ದು ನಿಂತು ಪಲ್ಟಿಯಾದಳು. ಮೂರನೆಯದೂ ಅದೇ ಕಥೆ. ಸೊಸೆಯ ಉಗುರು ಅತ್ತೆಯ ತೋಳಿಗೆ ನಾಟಿತ್ತು.

"ಅಯ್ಯೋ ಬಿಡೇ, ನನ್ನ ಕೈ! ಏನಾಯ್ತು, ಹೇಳು!" ಎಂದರು ಅತ್ತೆ.

"ಇನ್ನೊಂದು ಬರ್ತಿದೆ. ತಿರುಗಿಸಿದ್ಳು. ಕೈ ಬಡೀತಿದಾಳೆ. ಎದ್ಳು... ಅತ್ತೆ, ಎದ್ಳು! ನಿಂತ್ಳು!"

ದರ್ಜಿ ಅಕ್ಕ ನಿಂತಿದ್ದಳು. ಮಂಡಿ ಬಾಗಿ, ಎರಡು ಕೈ ಚಾಚಿ, ಹೊಲಿಗೆ ಯಂತ್ರಕ್ಕೆ ಬಟ್ಟೆ ಕೊಡುವಾಗಿನ ಗಂಭೀರ ಮುಖ ಮಾಡಿಕೊಂಡು, ಬಂಡೆಸಾಲಿನ ಎಡದಿಂದ ಮಧ್ಯದವರೆಗೆ ಬಂದಳು. ಅಲ್ಲಿ ಅಲೆ ತೀರಿತು. ಬೀಳದೆ, ಮೆಲ್ಲಗೆ ಬೋರ್ಡಿನ ಮೇಲೆ ಕೂತುಕೊಂಡಳು. ಆಮೇಲೆ ಅವಳು ಹಾಕಿದ ಕೂಗು ಬೀದಿಯ ಇನ್ನೊಂದು ತುದಿಯ ಬಸ್‌ ನಿಲ್ದಾಣದವರೆಗೂ ಕೇಳಿಸಿತು ಎಂದು ಸಂಜೆ ಗಂಡ ಹೇಳಿದ. ಸೊಸೆ ಕೆನ್ನೆ ಒರೆಸಿಕೊಂಡಳು. ತಾನೇ ಅಲೆ ಹತ್ತಿದ್ದರೂ ಅವಳಿಗೆ ಇಷ್ಟು ಸಂತೋಷವಾಗುತ್ತಿರಲಿಲ್ಲ.

ಒಂದು ಗಂಟೆಗೆ ಗಾಳಿ ತಿರುಗಿತು. ಎಲ್ಲರೂ ಮನೆಗೆ ಹೋಗಿ ಊಟ ಮಾಡಿದರು.

ಐದಕ್ಕೆ ಉಪಗ್ರಹ ಬಂದ. ಹಲಗೆಯ ಮುಂದೆ ಆಗಲೇ ಏಳೆಂಟು ಜನ ನಾಳೆಯದು ಓದಲು ನಿಂತಿದ್ದರು. ಸೊಸೆ ಏನೂ ಬರೆದಿರಲಿಲ್ಲ. ಚಾಕ್‌ಪೀಸನ್ನು ಅವನ ಕಡೆ ಚಾಚಿದಳು.

"ನಿಲ್ಲಿಸೇ" ಎಂದರು ಅತ್ತೆ. ಹೊಸ್ತಿಲ ಹತ್ತಿರ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. "ಏನೋ, ಅವತ್ತು ನಾನು ಹೇಳಿದ ಮಾತೇನು?"

"ಯಾರಾದ್ರೂ ಬಾಗಿಲಿಗೆ ಬಂದು ಬೈದ್ರೆ ಚಾಕ್‌ಪೀಸು ನನಗೆ ಅಂತ" ಎಂದ ಉಪಗ್ರಹ. "ಬೈದ್ರಲ್ಲ, ನಿನ್ನೆ. ಇಡೀ ಬೀದಿಗೆ ಕೇಳ್ಸಿದೆ."

"ಬೈದಿದ್ದು ಯಾರನ್ನ?"

"ಅತ್ತಿಗೇನ."

"ಅಲ್ಲ" ಎಂದರು ಅತ್ತೆ. ಕುರ್ಚಿ ಬಿಟ್ಟು ಎದ್ದು ನಿಂತರು. "ಇವಳು ಸೊಂಟ ಅಂದ್ಳು, ಸೊಂಟ ಬಂತು. ಅದರಲ್ಲಿ ಬೈಯೋಕೆ ಏನಿದೆ? ಅವರು ಬೈದಿದ್ದು ನನ್ನ ಸುಳ್ಳನ್ನ. ಮೂವತ್ತೊಂದು ವರ್ಷ ಈ ಹಲಗೆ ಮೇಲೆ ನಾನು ಸುಳ್ಳು ಬರೆದೆ. ಅದಕ್ಕೆ ನಿನ್ನೆ ಈ ಜನ ಮೋಸ ಹೋದ್ರು. ಬೈಸಿಕೊಂಡೋಳು ನಾನು, ಇವಳಲ್ಲ. ಏನ್ರಪ್ಪಾ, ಹೌದೋ ಅಲ್ವೋ?"

ಎಲೆಕ್ಟ್ರಿಷಿಯನ್ನು ನೆಲ ನೋಡುತ್ತಾ, "ಹೌದಮ್ಮಾ" ಎಂದ. "ಆದ್ರೂ ನಿಮ್ಮ ಸುಳ್ಳು ಒಂದು ದಿನಾನೂ ತಪ್ಪಿರಲಿಲ್ಲ. ಯಾವಾಗ್ಲೂ ಒಂದೇ ಮೆಟ್ಟಿಲು."

ಮೊದಲು ನಕ್ಕವರು ಅತ್ತೆಯೇ. ಆಮೇಲೆ ಬೀದಿಯೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಉಪಗ್ರಹನೂ ನಕ್ಕ, ಒಳ್ಳೆಯ ಹುಡುಗ ಎಂದೆನಲ್ಲ. "ಹಾಗಾದ್ರೆ ನನಗೇನು ಕೆಲಸ, ದೊಡ್ಡಮ್ಮ?" ಎಂದ.

"ನಿನ್ನ ಫೋನು ಏನು ಹೇಳತ್ತೋ ದಿನಾ ಬಂದು ಅತ್ತಿಗೆಗೆ ಹೇಳು. ಕೇಳಿಸ್ಕೋತಾಳೆ. ನಂಬೋದು ಬಿಡೋದು ಅವಳಿಷ್ಟ."

ಬರೆದಿಡು, ಆಮೇಲೆ ಬಂದು ಓದುತ್ತೇವೆ ಎಂದು ಜನ ಚದುರಿದ ಮೇಲೆ ಸೊಸೆ ಹಲಗೆ ಒರೆಸತೊಡಗಿದಳು. ಪುಡಿ ಹಾರುತ್ತದೆಂದು ಅತ್ತೆಯನ್ನು ದೂರ ಕೂರಿಸಿದ್ದಳು. ಅವರು ಎದ್ದು ಒಳಗೆ ಹೋಗಲಿಲ್ಲ.

"ಡಾಕ್ಟ್ರು ಒಂದು ತಿಂಗಳು ನೀರಿಗಿಳೀಬೇಡಿ ಅಂದಿದಾರೆ" ಎಂದರು.

"ಹೌದು ಅತ್ತೆ."

"ನಾಲ್ಕು ವರ್ಷ ಆಯ್ತು ನಾನು ನೀರಿಗಿಳಿದು. ಮಂಡಿನೋವು ಅಂತ ಹೇಳ್ತಿದ್ದೆ. ಮಂಡಿ ಚೆನ್ನಾಗೇ ಇದೆ. ಬಂಡೆ ಕಾಣ್ತಿರಲಿಲ್ಲ ಕಣೇ. ಭಯ ಆಗ್ತಿತ್ತು."

ಸೊಸೆಯ ಕೈ ಹಲಗೆಯ ಮೇಲೆ ನಿಂತಿತು. ಹೆದರುತ್ತೇನೆ ಎಂದು ಅತ್ತೆಯ ಬಾಯಲ್ಲಿ ಕೇಳಿದ್ದು ಇದೇ ಮೊದಲು.

"ತಿಂಗಳಾದ ಮೇಲೆ ನನಗೂ ಒಂದು ದಿನ ಹುಡುಕು" ಎಂದರು ಅತ್ತೆ. "ಯಾವ ದಿನ, ಯಾವ ಹೊತ್ತು, ಎಲ್ಲ ನೀನೇ ಹೇಳು. ನೀನು ಇಳೀರಿ ಅಂದ್ರೆ ಇಳೀತೀನಿ. ಬೇಡ ಅಂದ್ರೆ ಇಲ್ಲ."

ಸೊಸೆ ಒರೆಸುವ ಬಟ್ಟೆ ಕೆಳಗಿಟ್ಟಳು. "ಹುಡುಕ್ತೀನಿ ಅತ್ತೆ. ಚೆನ್ನಾಗಿರೋ ದಿನ ನೋಡಿ ಹೇಳ್ತೀನಿ."

"ನೋಡು, ನಿಧಾನಕ್ಕೇ ನೋಡು. ನನಗೇನು ಅವಸರ ಇಲ್ಲ" ಎಂದು ಅತ್ತೆ ಕನ್ನಡಕ ಸರಿಮಾಡಿಕೊಂಡರು. ಸ್ವಲ್ಪ ತಡೆದು, "ಹಾಗಂತ ತೀರಾ ತಡ ಮಾಡ್ಬೇಡ" ಎಂದರು.